ಜಿಪ್ ಫೈಲಿನ ಮೊದಲ ಎರಡು ಅಕ್ಷರ ಯಾರ ಹೆಸರು?

ಜಿಪ್ ಫೈಲೊಂದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಅರ್ಥವಾಗದ ಚಿಹ್ನೆಗಳ ರಾಶಿ ಕಾಣುತ್ತದೆ. ಆದರೆ ಶುರುವಿನಲ್ಲೇ ‘ಪಿಕೆ’ ಎಂಬ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. ವೈರಸ್ ಅಲ್ಲ, ಗಾಬರಿ ಬೇಡ. ಅದು ಫಿಲ್ ಕ್ಯಾಟ್ಜ್ ಎಂಬ ಅಮೆರಿಕನ್ನರ ಹೆಸರಿನ ಮೊದಲಕ್ಷರಗಳು. ನಮ್ಮ ಮೊಬೈಲಿನ ಎಪಿಕೆ ಫೈಲ್, ಆಫೀಸಿನ ಡಾಕ್ಸ್ ಫೈಲ್ ಕೂಡ ಒಳಗೆ ಜಿಪ್ಪೇ. ಅಲ್ಲೂ ಇದೇ ಎರಡಕ್ಷರ.

ಕ್ಯಾಟ್ಜ್ ಹುಟ್ಟಿದ್ದು 1962ರಲ್ಲಿ. ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕೀ ನಗರದಲ್ಲಿ ಕಂಪ್ಯೂಟರ್ ವಿಜ್ಞಾನ ಓದಿದರು. ಆಗ ಫೈಲ್ ಕಳಿಸಬೇಕೆಂದರೆ ಫೋನ್ ಲೈನೇ ಗತಿ. ಫೈಲ್ ದೊಡ್ಡದಾದಷ್ಟೂ ಹೊತ್ತು ಹೆಚ್ಚು. ಫೈಲ್ ಕುಗ್ಗಿಸಲು ಎಸ್‌ಇಎ ಕಂಪನಿಯ ‘ಆರ್ಕ್’ ಬಳಕೆಯಲ್ಲಿತ್ತು. ಕ್ಯಾಟ್ಜ್ ಅದಕ್ಕಿಂತ ವೇಗದ ‘ಪಿಕೆಆರ್ಕ್’ ತಂದರು. 1988ರಲ್ಲಿ ಎಸ್‌ಇಎ ಕೋರ್ಟಿಗೆ ಹೋಯಿತು.

ದೊಡ್ಡ ಕಂಪನಿಯೊಂದು ಪ್ರತಿಭಾವಂತ ಹುಡುಗನನ್ನು ತುಳಿಯಿತು ಎಂಬ ಕಥೆ ಆಗ ಕಂಪ್ಯೂಟರ್ ಬಳಕೆದಾರರಲ್ಲಿ ಹರಡಿತು. ವಾಟ್ಸಾಪ್ ಇಲ್ಲದಿದ್ದರೂ ಫಾರ್ವರ್ಡ್ ಇತ್ತು ನೋಡಿ! ನಿಜ ಬೇರೆಯೇ. ಎಸ್‌ಇಎ ಕೂಡ ಪುಟ್ಟ ಕಂಪನಿ. ಎರಡೂ ಪ್ರೋಗ್ರಾಂಗಳನ್ನು ಹೋಲಿಸಿದಾಗ ಆರ್ಕ್‌ನ ಕಾಗುಣಿತದ ತಪ್ಪುಗಳೂ ಕ್ಯಾಟ್ಜ್ ಅವರದರಲ್ಲಿ ಹಾಗೇ ಸಿಕ್ಕಿದವು. ಅವರು ಹಣ ಕೊಟ್ಟು ರಾಜಿಯಾದರು. ಜನರ ಸಿಟ್ಟು ಮಾತ್ರ ಎಸ್‌ಇಎ ಮೇಲೆಯೇ ಉಳಿಯಿತು.

ಆಮೇಲೆ ಮಾಡಿದ್ದರಲ್ಲಿ ಅವರ ದೊಡ್ಡತನ ಕಾಣುತ್ತದೆ ಎಂದು ನಮಗನಿಸುತ್ತದೆ. 1989ರಲ್ಲಿ ಜಿಪ್ ಎಂಬ ಹೊಸ ಮಾದರಿ ತಂದು, ಅದರ ವಿವರವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ತಮ್ಮ ಪಿಕೆಜಿಪ್ ಪ್ರೋಗ್ರಾಂ ಮಾರಿದರು, ಆದರೆ ಜಿಪ್ ಫೈಲ್ ತೆರೆಯುವ ಪ್ರೋಗ್ರಾಂ ಯಾರು ಬೇಕಾದರೂ ಬರೆಯಬಹುದಿತ್ತು. ಇವತ್ತು ಯಾವ ಫೋನಿನಲ್ಲೂ ಜಿಪ್ ತೆರೆಯಲು ಅದೇ ಕಾರಣ.

1993ರ ಆವೃತ್ತಿಯ ‘ಡಿಫ್ಲೇಟ್’ ವಿಧಾನದ ಮೂಲ ಉಪಾಯಗಳು ಅವರದಲ್ಲ. 1952ರ ಹಫ್‌ಮನ್, 1977ರ ಲೆಂಪೆಲ್ ಮತ್ತು ಜಿವ್ ಅವರವು. ಮದುವೆ ಕರೆಯೋಲೆಯಲ್ಲಿ ‘ಶ್ರೀಮತಿ ಮತ್ತು ಶ್ರೀ’ ಹತ್ತು ಸಲ ಬರುತ್ತದಲ್ಲ? ಎರಡನೇ ಸಲದಿಂದ ಪೂರ್ತಿ ಬರೆಯದೆ, ಇಷ್ಟು ಹಿಂದೆ ಇದೆ ನೋಡು ಎಂಬ ಗುರುತು ಸಾಕು. ಪದೇ ಪದೇ ಬರುವ ಅಕ್ಷರಕ್ಕೆ ಚಿಕ್ಕ ಸಂಕೇತ. ಬಿಚ್ಚಿದಾಗ ಒಂದಕ್ಷರವೂ ಕಳೆಯುವುದಿಲ್ಲ. ಹಾಗಾಗಿ ಜಿಪ್ ಮಾಡಿದರೆ ಫೋಟೋ ಮಸುಕಾಗುತ್ತದೆ ಎಂಬುದು ಸುಳ್ಳು. ಜೆಪೆಗ್ ಫೋಟೋ ಮೊದಲೇ ಕುಗ್ಗಿರುವುದರಿಂದ ಜಿಪ್‌ನಲ್ಲಿ ಅದು ಹೆಚ್ಚು ಚಿಕ್ಕದಾಗುವುದಿಲ್ಲ, ಅಷ್ಟೇ. ಪಿಎನ್‌ಜಿ ಚಿತ್ರಗಳೊಳಗೆ ಇಂದಿಗೂ ಡಿಫ್ಲೇಟ್ ಕೆಲಸ ಮಾಡುತ್ತಿದೆ.

ವಿಂಡೋಸ್ ಬಂದಾಗ ಕ್ಯಾಟ್ಜ್ ಕಂಪನಿ ತಡಮಾಡಿತು, ವಿನ್‌ಜಿಪ್ ಮುಂದೆ ಹೋಯಿತು. ಅಷ್ಟರಲ್ಲಿ ಕುಡಿತ ಅವರನ್ನು ಹಿಡಿದಿತ್ತು. 2000ದ ಏಪ್ರಿಲ್ 14ರಂದು ಮಿಲ್ವಾಕೀಯ ಮೋಟೆಲ್ ಕೋಣೆಯೊಂದರಲ್ಲಿ ಅವರ ಶವ ಸಿಕ್ಕಿತು. ಬಹುಕಾಲದ ಕುಡಿತದಿಂದ ಮೇದೋಜೀರಕ ಗ್ರಂಥಿಯಲ್ಲಿ ರಕ್ತಸ್ರಾವವಾಗಿತ್ತು. ವಯಸ್ಸು 37.