ಪದಗಳ ತವರನ್ನರಸಿದ ಕಿಟೆಲ್

ಡೊಂಬಿವಲಿ, ಕಲ್ಯಾಣ, ಠಾಣೆಗಳ ನಮ್ಮ ಮನೆಗಳಲ್ಲಿ ಮಕ್ಕಳು ಯಾವುದಾದರೊಂದು ಮಾತನ್ನು ಹಿಡಿದು, ಇದು ಕನ್ನಡವೋ ಮರಾಠಿಯೋ ಎಂದು ಕೇಳಿದಾಗ ಹಿರಿಯರಾದ ನಾವು ತಡವರಿಸುವುದುಂಟು. ಇಂಥ ಪ್ರಶ್ನೆಯನ್ನೇ ಜೀವಮಾನದ ವ್ರತವನ್ನಾಗಿ ಮಾಡಿಕೊಂಡ ಮಹನೀಯರು ರೆವರೆಂಡ್ ಫರ್ಡಿನೆಂಡ್ ಕಿಟೆಲ್ ಅವರು. ರಾಜ್ಯೋತ್ಸವದ ಈ ಶುಭ ಸಂದರ್ಭದಲ್ಲಿ ಅವರನ್ನು ಸ್ಮರಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಕಿಟೆಲ್ಲರು 1832ರ ಏಪ್ರಿಲ್ 7ರಂದು ಉತ್ತರ ಜರ್ಮನಿಯ ರೆಸ್ಟರ್‌ಹಾಫೆ ಎಂಬಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಹುಡುಗತನದಲ್ಲಿಯೇ ಗ್ರೀಕ್, ಲ್ಯಾಟಿನ್, ಹೀಬ್ರೂ ಭಾಷೆಗಳು ಅವರಿಗೆ ಕೈವಶವಾದವು. ಬಾಸೆಲ್ ಮಿಷನ್ನಿನ ಶಿಕ್ಷಣ ಮುಗಿಸಿ 1853ರಲ್ಲಿ ಅವರು ಕನ್ನಡ ನಾಡಿಗೆ ಬಂದರು. ಬಂದದ್ದು ಮತಪ್ರಚಾರಕ್ಕಾಗಿ, ಆದರೆ ಮನಸ್ಸು ನೆಟ್ಟದ್ದು ನುಡಿಯಲ್ಲಿ. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳಲ್ಲಿ ಇದ್ದು ಪಂಡಿತರಿಂದ ಹಳಗನ್ನಡವನ್ನೂ ಜನಸಾಮಾನ್ಯರಿಂದ ಆಡುನುಡಿಯನ್ನೂ ಕಲಿತರು. 1864ರಲ್ಲಿ ಪತ್ನಿ ಪೌಲೀನ್ ತೀರಿಕೊಂಡರು. ಆ ದುಃಖದ ನಡುವೆಯೂ ಅವರ ವ್ಯಾಸಂಗ ನಿಲ್ಲಲಿಲ್ಲ. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ ನಾಗವರ್ಮನ ಛಂದೋಗ್ರಂಥವನ್ನು 1875ರಲ್ಲಿಯೂ ಸಂಪಾದಿಸಿ ಅಚ್ಚು ಹಾಕಿಸಿದರು.

ಇವೆಲ್ಲಕ್ಕೂ ಕಳಸವಿಟ್ಟದ್ದು ಅವರ ಕನ್ನಡ-ಇಂಗ್ಲಿಷ್ ನಿಘಂಟು. 1877ರಲ್ಲಿ ಸ್ವದೇಶಕ್ಕೆ ಹೋದವರು ಈ ಕಾರ್ಯಕ್ಕಾಗಿ 1883ರಲ್ಲಿ ಮತ್ತೆ ಕಡಲು ದಾಟಿ ಬಂದರು. ಸುಮಾರು 70,000 ಪದಗಳ ಆ ಬೃಹದ್ ಗ್ರಂಥವು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದರಲ್ಲಿರುವುದು ಬರಿಯ ಅರ್ಥವಲ್ಲ, ಪದಗಳ ವಂಶಾವಳಿ. ನಮ್ಮ ಹಾಲು ಹಳಗನ್ನಡದಲ್ಲಿ ಪಾಲ್, ತಮಿಳು, ಮಲಯಾಳಗಳಲ್ಲಿಯೂ ಪಾಲ್, ತೆಲುಗಿನಲ್ಲಿ ಪಾಲು. ಹೀಗೆ ಸೋದರ ಭಾಷೆಗಳ ರೂಪಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದೇ ಭಾಷಾಶಾಸ್ತ್ರದ ಮಾರ್ಗ. ಸಂಸ್ಕೃತದಿಂದ, ಮರಾಠಿಯಿಂದ, ಹಿಂದೂಸ್ಥಾನಿಯಿಂದ ಬಂದ ಪದಗಳನ್ನು ಅವರು ಹೊರಗೆ ನೂಕಲಿಲ್ಲ. ಬಂದ ಮನೆಯ ಗುರುತು ಹಾಕಿ ಒಳಗೆ ಕರೆದುಕೊಂಡರು. ಸಂಸ್ಕೃತಕ್ಕೆ ದ್ರಾವಿಡದಿಂದ ಹೋದವೆಂದು ತಮಗೆ ತೋರಿದ ಪದಗಳ ಪಟ್ಟಿಯನ್ನೂ ಮುನ್ನುಡಿಯಲ್ಲಿ ಕೊಟ್ಟರು. ಸಾಲವು ಒಂದೇ ಕಡೆಯಿಂದಲ್ಲ ಎಂಬುದನ್ನು ಹೀಗೆ ತೋರಿಸಿದರು.

ಟ್ಯೂಬಿಂಗನ್ ವಿಶ್ವವಿದ್ಯಾಲಯವು 1896ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ವಿಶ್ವವಿದ್ಯಾಲಯದ ಮೆಟ್ಟಲು ಹತ್ತಿ ಕಲಿಯದ ವಿದ್ಯೆಗೆ ವಿಶ್ವವಿದ್ಯಾಲಯವೇ ತಲೆಬಾಗಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಕಣ್ಮುಚ್ಚಿದರು. ಮುಂದೆ ಮದ್ರಾಸು ವಿಶ್ವವಿದ್ಯಾಲಯವು ಎಂ. ಮರಿಯಪ್ಪ ಭಟ್ಟರಿಂದ ನಿಘಂಟನ್ನು ಪರಿಷ್ಕರಿಸಿ 4 ಸಂಪುಟಗಳಲ್ಲಿ ಪ್ರಕಟಿಸಿತು.

ಕಿಟೆಲ್ಲರಿಗೆ ದೊರೆಯದ ಅನುಕೂಲ ನಮ್ಮ ಮಕ್ಕಳಿಗಿದೆ. ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ಭಾಷಾಶಾಸ್ತ್ರ ವಿಭಾಗವೂ ಇದೆ, ಕನ್ನಡ ವಿಭಾಗವೂ ಇದೆ. ಲೋಕಲ್ ಗಾಡಿಯಲ್ಲಿ ಕುರ್ಲಾಕ್ಕೆ ಹೋಗಿ ಇಳಿದರೆ ಅದು ದೂರವಲ್ಲ. ನಮ್ಮ ತುಪ್ಪವೂ ನೆರೆಮನೆಯ ತೂಪವೂ ಬಂಧುಗಳೆಂದು ಎರಡು ನುಡಿಗಳ ನಡುವೆ ಬೆಳೆದ ಮಗುವಿಗಿಂತ ಚೆನ್ನಾಗಿ ಬಲ್ಲವರಾರು? ಆದರೆ ಮನೆಯಲ್ಲಿ ಕನ್ನಡ ನಿಂತುಹೋದರೆ ಆ ಬಂಡವಾಳವೇ ಕರಗುತ್ತದೆ. ಮಗು ಪದದ ತವರನ್ನು ಕೇಳಿದಾಗ ಗದರದೆ, ಕಿಟೆಲ್ಲರ ಕೋಶವನ್ನು ಅದರೊಡನೆ ಕುಳಿತು ತೆರೆಯೋಣ. ಆ ಹಿರಿಯರಿಗೆ ನಾವು ಸಲ್ಲಿಸಬಹುದಾದ ಗೌರವ ಇದೇ.