ಹಾಫ್‌ಕಿನ್ ಮತ್ತು ಮುಲ್ಕೋವಾಲದ ಸೀಸೆ

ಮುಂಬಯಿಗೆ ಹೋಗಿಬರುವ ನಮ್ಮ ಗಡಿಭಾಗದ ಜನರಿಗೆ ಪರಳದ ಹಾಫ್‌ಕಿನ್ ಸಂಸ್ಥೆಯ ಹೆಸರು ಅಪರಿಚಿತವಲ್ಲ. ಆದರೆ ಅದು ಒಬ್ಬ ಮನುಷ್ಯನ ಹೆಸರೆಂಬುದನ್ನು ಬಲ್ಲವರು ವಿರಳ. ಮರಾಠಿ ಶಾಲೆಯಲ್ಲಿ ಓದುತ್ತಿದ್ದ ದಿನಗಳಲ್ಲಿ ನಾನೂ ಅದನ್ನು ಯಾವುದೋ ಇಂಗ್ಲಿಷ್ ಕಂಪನಿಯ ಹೆಸರೆಂದೇ ಭಾವಿಸಿದ್ದೆ. ಜೀವನಚರಿತ್ರೆಯನ್ನು ಪಠ್ಯವಾಗಿ ಓದುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು, ಪಠ್ಯದಲ್ಲಿಲ್ಲದ ಈ ಜೀವನವನ್ನೂ ಒಮ್ಮೆ ಅವಲೋಕಿಸಲೆಂಬ ಆಶಯದಿಂದ ಇದನ್ನು ಬರೆಯುತ್ತಿದ್ದೇನೆ.

ವಾಲ್ಡೆಮಾರ್ ಹಾಫ್‌ಕಿನ್ ಜನಿಸಿದ್ದು 1860ರ ಮಾರ್ಚ್ 15ರಂದು, ಅಂದಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಒಡೆಸ್ಸಾ ನಗರದ ಯೆಹೂದಿ ಕುಟುಂಬವೊಂದರಲ್ಲಿ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರವನ್ನು ಅಭ್ಯಸಿಸಿದನು. ಮುಂದೆ ನೊಬೆಲ್ ಪುರಸ್ಕಾರ ಪಡೆದ ಮೆಚ್ನಿಕಾಫ್ ಆತನ ಗುರು. 1881ರಲ್ಲಿ ಯೆಹೂದಿಗಳ ಮೇಲೆ ಹಲ್ಲೆಗಳು ನಡೆದಾಗ ತನ್ನವರ ರಕ್ಷಣೆಗೆ ನಿಂತು ಸೆರೆಮನೆ ಕಂಡನು. ಗುರುವಿನ ಪ್ರಯತ್ನದಿಂದ ಬಿಡುಗಡೆಯಾಯಿತು. ಮತಾಂತರ ಹೊಂದಿದರೆ ಅಧ್ಯಾಪಕ ಹುದ್ದೆ ದೊರೆಯುತ್ತಿತ್ತು. ಆತ ಒಪ್ಪಲಿಲ್ಲ. 1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ, ಮರುವರ್ಷ ಪ್ಯಾರಿಸಿನ ಪಾಶ್ಚರ್ ಸಂಸ್ಥೆಗೆ ಬಂದನು. ಅಲ್ಲಿ ಖಾಲಿಯಿದ್ದ ಹುದ್ದೆ ಗ್ರಂಥಾಲಯ ಸಹಾಯಕನದು ಮಾತ್ರ. ಹಗಲು ಪುಸ್ತಕಗಳನ್ನು ಜೋಡಿಸುತ್ತ, ಬಿಡುವಿನಲ್ಲಿ ಪ್ರಯೋಗಾಲಯದಲ್ಲಿ ಕಾಲರಾದ ಸೂಕ್ಷ್ಮಾಣುಗಳೊಡನೆ ಸೆಣಸಿದನು.

1892ರ ಜುಲೈ 18ರಂದು ತಾನು ಸಿದ್ಧಪಡಿಸಿದ ಕಾಲರಾ ಲಸಿಕೆಯನ್ನು ಹಾಫ್‌ಕಿನ್ ತನಗೇ ಚುಚ್ಚಿಕೊಂಡನು. ಜ್ವರ ಬಂದು ಇಳಿಯಿತು. ಹಿಂದೆ ಭಾರತದ ವೈಸರಾಯ್ ಆಗಿದ್ದು ಆಗ ಪ್ಯಾರಿಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್‌ನ ಪ್ರೋತ್ಸಾಹದಿಂದ ಆತನ ದಾರಿ ಭಾರತದತ್ತ ತಿರುಗಿತು. ಹೊರಡುವ ಮುನ್ನ ಇಂಗ್ಲೆಂಡಿನ ನೆಟ್ಲಿಯ ಸೈನಿಕ ವೈದ್ಯಶಾಲೆಗೆ ಹೋಗಿ ತನ್ನ ವಿಧಾನವನ್ನು ಅಲ್ಲಿಯ ವೈದ್ಯರಿಗೆ ಮಾಡಿ ತೋರಿಸಿದನು. ನೋಡಿದವರಲ್ಲಿ ಆಲ್ಮ್ರೋತ್ ರೈಟ್ ಒಬ್ಬನು. ಅವನ ವಿಷಮಶೀತ ಜ್ವರದ ಲಸಿಕೆಗೆ ಪ್ರೇರಣೆ ದೊರೆತದ್ದು ಇಲ್ಲಿಂದ. ವಿದ್ಯೆಯನ್ನು ಬಚ್ಚಿಡದೆ ಮತ್ತೊಬ್ಬ ವೈದ್ಯನ ಕೈಗೆ ದಾಟಿಸುವ ಈ ಸ್ವಭಾವವನ್ನು ನೆನಪಿಡಬೇಕು. ಮುಂದೆ ಆತನಿಗೆ ಒದಗಿದ ಅನ್ಯಾಯವೂ ಕೈಯಿಂದ ಕೈಗೆ ವಿದ್ಯೆ ದಾಟುವ ಹಾದಿಯಲ್ಲೇ ಹುಟ್ಟಿತು.

1893ರ ಮಾರ್ಚಿನಲ್ಲಿ ಕಲಕತ್ತೆಗೆ ಬಂದಿಳಿದ ಹಾಫ್‌ಕಿನ್ನನಿಗೆ ಸಿಕ್ಕ ಸ್ವಾಗತ ಉತ್ಸಾಹದ್ದಾಗಿರಲಿಲ್ಲ. ಆತ ವೈದ್ಯನಲ್ಲ, ಪ್ರಾಣಿಶಾಸ್ತ್ರಜ್ಞ, ಇಂಗ್ಲಿಷನಲ್ಲ, ರಷ್ಯಾದವನು, ಸಾಲದ್ದಕ್ಕೆ ಯೆಹೂದಿ. ಗೂಢಚಾರನಿರಬಹುದೆಂಬ ಗುಮಾನಿಯೂ ಇತ್ತು. ಜನರಿಗಂತೂ ಸೂಜಿಯೆಂದರೆ ಭಯ. ಚೌಧರಿ, ಘೋಷ್, ಚಟರ್ಜಿ, ದತ್ತ ಎಂಬ ಭಾರತೀಯ ವೈದ್ಯರನ್ನು ಜೊತೆಗೆ ಕರೆದುಕೊಂಡು, ಬಸ್ತಿಗಳ ನಡುವೆ ನಿಂತು, ಜನರೆದುರಿಗೆ ಮೊದಲು ತನಗೇ ಚುಚ್ಚಿಕೊಂಡು ಆತ ಆ ಭಯವನ್ನು ತಗ್ಗಿಸಿದನು. 1894ರಲ್ಲಿ ಕಲಕತ್ತೆಯ ಕಟ್ಟಲ್ ಬಗಾನ್ ಬಸ್ತಿಯ ಕೆರೆಯ ನೀರಿನಿಂದ ಕಾಲರಾ ಹಬ್ಬಿತು. ಸುಮಾರು 200 ಜನರಲ್ಲಿ 116 ಮಂದಿ ಲಸಿಕೆ ಹಾಕಿಸಿಕೊಂಡರು. ಅನಂತರ ಅಲ್ಲಿ ರೋಗ ತಗುಲಿದ್ದು ಲಸಿಕೆ ಹಾಕಿಸಿಕೊಳ್ಳದವರಿಗೇ. ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಒಂದೇ ಪರಿಸರದಲ್ಲಿಟ್ಟು ಹೋಲಿಸಿ ನೋಡದ ಹೊರತು ಯಾವುದನ್ನೂ ನಂಬಬಾರದೆಂಬುದು ಆತನ ನಿಷ್ಠೆಯಾಗಿತ್ತು.

1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಮರಾಠಿಯಲ್ಲಿ ಇದನ್ನು ಗಾಠೀಚಾ ತಾಪ ಎನ್ನುತ್ತಿದ್ದರು, ಗಂಟಿನ ಜ್ವರವೆಂದರ್ಥ. ಊರಿನಲ್ಲಿ ಇಲಿ ಬಿದ್ದಿತೆಂದರೆ ಮನೆಗೆ ಬೀಗ ಹಾಕಿ, ದವಸ ಕಟ್ಟಿಕೊಂಡು, ಹೊಲದ ಗುಡಿಸಲಿಗೆ ನಡೆಯುವುದು ನಮ್ಮ ಸೊಲ್ಲಾಪುರ ಸೀಮೆಯಲ್ಲಿಯೂ ವಾಡಿಕೆಯಾಯಿತು. ನನ್ನ ಅಜ್ಜಿ ಹಬ್ಬಗಳ ಲೆಕ್ಕವನ್ನು ಬಿಟ್ಟು ಗುಡಿಸಲಿಗೆ ಹೋದ ವರ್ಷಗಳ ಲೆಕ್ಕದಿಂದಲೇ ಮಕ್ಕಳ ವಯಸ್ಸನ್ನು ಹೇಳುತ್ತಿದ್ದಳು. ಪುಣೆಯಲ್ಲಿ ಮನೆಮನೆಗೆ ನುಗ್ಗಿ ತಪಾಸಣೆ ನಡೆಸಿದ ಪ್ಲೇಗ್ ಅಧಿಕಾರಿ ರ್‍ಯಾಂಡ್‌ನ ಹತ್ಯೆ 1897ರ ಜೂನಿನಲ್ಲಿ ನಡೆದುದನ್ನು ಇತಿಹಾಸದ ಪಾಠದಲ್ಲಿ ಎಲ್ಲರೂ ಓದಿದ್ದೇವೆ. ಅದೇ ಕಾಲದಲ್ಲಿ, ಯಾರನ್ನೂ ಬಲವಂತಪಡಿಸದೆ, ಇನ್ನೊಂದು ದಾರಿಯನ್ನು ಹಾಫ್‌ಕಿನ್ ತುಳಿಯುತ್ತಿದ್ದುದನ್ನು ಮಾತ್ರ ನಾವು ಓದಲಿಲ್ಲ.

ಸರ್ಕಾರದ ಕರೆಯ ಮೇರೆಗೆ ಮುಂಬಯಿಗೆ ಬಂದ ಆತನಿಗೆ ದೊರೆತದ್ದು ಗ್ರ್ಯಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಮಾಂಸದ ಸಾರಿನಲ್ಲಿ ಪ್ಲೇಗಿನ ಸೂಕ್ಷ್ಮಾಣುಗಳನ್ನು ಬೆಳೆಸಬೇಕಾಗಿತ್ತು. ಹಿಂದೂಗಳಿಗೂ ಮುಸಲ್ಮಾನರಿಗೂ ಅಡ್ಡಿಯಾಗದಂತೆ ಆಡಿನ ಮಾಂಸವನ್ನು ಬಳಸಲಾಯಿತು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ಅವುಗಳ ಅಡಿಯಿಂದ ಸೂಕ್ಷ್ಮಾಣುಗಳು ಬಿಳಲುಗಳಂತೆ ಇಳಿಬಿದ್ದು ಬೆಳೆಯುತ್ತಿದ್ದವು. ಅನಂತರ ಕಾಯಿಸಿ ಅವುಗಳನ್ನು ಕೊಲ್ಲುವುದು. 1897ರ ಜನವರಿ 10ರಂದು ಆತ ಸಾಮಾನ್ಯ ಪ್ರಮಾಣಕ್ಕಿಂತ ಬಹಳ ಹೆಚ್ಚಾದ ಮದ್ದನ್ನು ತನ್ನ ಮೈಗೇ ಏರಿಸಿಕೊಂಡು ಜ್ವರದಲ್ಲಿ ನರಳಿದನು. ಅದೇ ತಿಂಗಳ ಕೊನೆಗೆ ಭಾಯಖಳಾ ಜೈಲಿನಲ್ಲಿ ಪ್ಲೇಗು ಕಾಣಿಸಿದಾಗ, ಇಚ್ಛೆಯಿಂದ ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಿ ಗುಣವನ್ನು ಪರೀಕ್ಷಿಸಿದನು. ಆಗಾ ಖಾನರು ನೆರವಿಗೆ ನಿಂತರು. ಖೋಜಾ ಸಮುದಾಯದ ಸಾವಿರಾರು ಜನ ತೋಳೊಡ್ಡಿದರು. ನಮ್ಮ ಹುಬ್ಬಳ್ಳಿಯಲ್ಲಿ 1898ರಲ್ಲಿ ಲೂಮನ್ ಎಂಬ ವೈದ್ಯಾಧಿಕಾರಿಯ ಮುತುವರ್ಜಿಯಿಂದ 30 ಸಾವಿರಕ್ಕೂ ಮಿಕ್ಕಿದ ಜನ ಲಸಿಕೆ ಹಾಕಿಸಿಕೊಂಡರು. 1899ರಲ್ಲಿ ಪ್ರಯೋಗಾಲಯವು ಪರಳದ ಹಳೆಯ ಗವರ್ನರ್ ಬಂಗಲೆಗೆ ಸ್ಥಳಾಂತರಗೊಂಡಿತು.

ಇಷ್ಟು ಕೀರ್ತಿಯ ನಡುವೆ ಮುಲ್ಕೋವಾಲದ ದುರಂತ ಘಟಿಸಿತು. ಪಂಜಾಬಿನ ಆ ಹಳ್ಳಿಯಲ್ಲಿ 1902ರ ಅಕ್ಟೋಬರ್ 30ರಂದು 107 ಜನರಿಗೆ ಪ್ಲೇಗಿನ ಲಸಿಕೆ ಹಾಕಲಾಯಿತು. ಒಂದು ವಾರದ ತರುವಾಯ ಅವರಲ್ಲಿ 19 ಮಂದಿಗೆ ಧನುರ್ವಾಯು ಕಾಣಿಸಿಕೊಂಡು, ಎಲ್ಲರೂ ಸತ್ತರು. ಹತ್ತೊಂಬತ್ತು ಮಂದಿಗೂ ಮದ್ದು ಬಂದದ್ದು ಒಂದೇ ಸೀಸೆಯಿಂದ. ಅದರ ಮೇಲಿನ ಗುರುತು 53 ಎನ್. ಆ ದಿನ ತೆರೆದ ಬೇರೆ ಸೀಸೆಗಳಿಂದ ಯಾರಿಗೂ ಕೇಡಾಗಲಿಲ್ಲ.

ಸರ್ಕಾರ ವಿಚಾರಣಾ ಆಯೋಗವನ್ನು ನೇಮಿಸಿತು. ಮುಂಬಯಿಯ ಮುಖ್ಯ ನ್ಯಾಯಾಧೀಶ ಸರ್ ಲಾರೆನ್ಸ್ ಜೆಂಕಿನ್ಸ್ ಅದರ ಅಧ್ಯಕ್ಷ. ಸೀಸೆ ತೆರೆಯುವ ಮೊದಲೇ, ಎಂದರೆ ಪರಳದ ಪ್ರಯೋಗಾಲಯದಲ್ಲಿಯೇ, ಮದ್ದು ಕೆಟ್ಟಿತ್ತೆಂದು ಆಯೋಗ ತೀರ್ಮಾನಿಸಿತು. ಹೆಚ್ಚು ಲಸಿಕೆಯನ್ನು ಬೇಗ ತಯಾರಿಸುವ ಸಲುವಾಗಿ ಹಾಫ್‌ಕಿನ್ ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು ಕಾಯಿಸುವಿಕೆಯೊಂದನ್ನೇ ನೆಚ್ಚಿದ್ದನು, ಅದೇ ಅಪರಾಧವಾಯಿತು. ಆತನನ್ನು ಕೆಲಸದಿಂದ ದೂರವಿರಿಸಲಾಯಿತು. 1904ರಲ್ಲಿ ಲಂಡನ್ನಿಗೆ ಹೊರಟುಹೋದನು.

ಆದರೆ ಆಯೋಗದ ಮುಂದೆ ಇನ್ನೊಂದು ಸಂಗತಿಯೂ ಇತ್ತು. ಮುಲ್ಕೋವಾಲದಲ್ಲಿ ಸೀಸೆಯ ಬಿರಡೆ ತೆಗೆಯುವ ಚಿಮಟ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯ ಜ್ವಾಲೆಗೆ ಹಿಡಿಯದೆ, ಕಾರ್ಬಾಲಿಕ್ ದ್ರವದಲ್ಲಿ ಅದ್ದಿ ತೆಗೆದು ಅದರಿಂದಲೇ ಆತ ಬಿರಡೆಯನ್ನು ಕಿತ್ತನು. ಧನುರ್ವಾಯುವಿನ ಬೀಜಾಣು ಇರುವುದು ಮಣ್ಣಿನಲ್ಲಿ. ಅಂಥ ದ್ರವದಲ್ಲಿ ಒಮ್ಮೆ ಅದ್ದಿದ ಮಾತ್ರಕ್ಕೆ ಅದು ಸಾಯುವುದಿಲ್ಲ. ಆ ಸಹಾಯಕನನ್ನು ಹಳಿಯುವುದು ಸುಲಭ, ಆದರೆ ನನಗೆ ಮನಸ್ಸು ಬಾರದು. ದ್ರವದಲ್ಲಿ ಅದ್ದುವುದಕ್ಕೂ ಜ್ವಾಲೆಗೆ ಹಿಡಿಯುವುದಕ್ಕೂ ಇರುವ ಅಂತರ ಅವನಿಗೆ ಮನವರಿಕೆಯಾಗಿರಲಿಲ್ಲ ಎನ್ನಬೇಕು. ಪರಳದಲ್ಲಿ ಬಲ್ಲವರಿದ್ದರು, ಅವರು ಬಲ್ಲದ್ದು ಪಂಜಾಬಿನ ಹಳ್ಳಿಯ ಆ ಕೈಯವರೆಗೆ ತಲುಪಿರಲಿಲ್ಲ. ನಮ್ಮ ತರಗತಿಯ ಕೆಲವರ ತಾಯಂದಿರು, ಅಕ್ಕಂದಿರು ಆಶಾ ಕಾರ್ಯಕರ್ತೆಯರು, ದಾದಿಯರು. ಲಸಿಕೆಯ ತಂಪುಪೆಟ್ಟಿಗೆ ಹೊತ್ತು ಓಣಿ ಓಣಿ ತಿರುಗುವ ಅವರಿಗೆ ಈ ಮಾತಿನ ತೂಕ ನನಗಿಂತ ಚೆನ್ನಾಗಿ ಗೊತ್ತು.

ಇನ್ನೂ ದೊಡ್ಡ ಅನ್ಯಾಯವೆಂದರೆ ವಿಚಾರಣೆಯ ಕಾಗದಪತ್ರಗಳು ವರ್ಷಗಟ್ಟಲೆ ಬೆಳಕಿಗೆ ಬರಲಿಲ್ಲ. ನಿತ್ಯವೂ ಲಸಿಕೆ ಹಾಕುತ್ತಿದ್ದ ವೈದ್ಯರಿಗೆ ತಪ್ಪು ಎಲ್ಲಿ ನಡೆಯಿತೆಂಬುದೇ ತಿಳಿಯದು. ಜನರಂತೂ ಲಸಿಕೆಯನ್ನೇ ಶಂಕಿಸಿದರು. 1906ರ ಕೊನೆಗೆ ಅವು ಪ್ರಕಟವಾದಾಗ, ಮಲೇರಿಯಾ ಸಂಶೋಧನೆಗೆ ನೊಬೆಲ್ ಪಡೆದಿದ್ದ, ಹಿಂದೆ ಕಾಲರಾ ನಿಯಂತ್ರಣಕ್ಕೆಂದು ಬೆಂಗಳೂರಿನಲ್ಲೂ ದುಡಿದಿದ್ದ ರೊನಾಲ್ಡ್ ರಾಸ್ ಅವುಗಳನ್ನು ಸಾಲು ಸಾಲಾಗಿ ಓದಿ ಹಾಫ್‌ಕಿನ್ನನ ಪರ ನಿಂತನು. ಮದ್ದು ವಾರಗಳ ಹಿಂದೆಯೇ ಕೆಟ್ಟಿದ್ದರೆ ಸೀಸೆ ದುರ್ನಾತ ಹೊಡೆಯಬೇಕಿತ್ತು. ತೆರೆದಾಗ ಅಲ್ಲಿದ್ದ ವೈದ್ಯ ಎಲಿಯಟ್‌ಗೆ ಅಂಥ ವಾಸನೆ ಬಂದಿರಲಿಲ್ಲ. ರೋಗ ಕಾಣಿಸಲು ವಾರ ಹಿಡಿದುದೂ ಆಗತಾನೇ ಸೇರಿದ ಅಲ್ಪ ಮಾಲಿನ್ಯಕ್ಕೆ ಹೊಂದುವಂಥದು. 1907ರ ಜುಲೈಯಲ್ಲಿ ರಾಸ್ ಹಾಗೂ ಇತರ ತಜ್ಞರು ಸಹಿಮಾಡಿದ ಪತ್ರ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ವರ್ಷದ ನವೆಂಬರಿನಲ್ಲಿ ಹಾಫ್‌ಕಿನ್ ದೋಷಮುಕ್ತನಾದನು.

ದೋಷಮುಕ್ತನಾದರೂ ಪರಳದ ಕುರ್ಚಿ ಆತನಿಗೆ ಮರಳಲಿಲ್ಲ; ಅಲ್ಲಿ ಬೇರೊಬ್ಬರು ಕುಳಿತಿದ್ದರು. ಕಲಕತ್ತೆಯ ಪ್ರಯೋಗಾಲಯವೊಂದರ ಹೊಣೆ ದೊರೆಯಿತು, ಆದರೆ ಜನರ ಮೇಲೆ ಲಸಿಕೆಯನ್ನು ಪರೀಕ್ಷಿಸಲು ಅನುಮತಿ ಇರಲಿಲ್ಲ. ಸೂಜಿಯನ್ನು ಎರಡು ಸಲ ಮೊದಲು ತನ್ನ ಮೈಗೇ ಚುಚ್ಚಿಕೊಂಡವನ ಕೈಯಿಂದ ಸೂಜಿಯನ್ನು ಕಸಿದುಕೊಂಡಂತಾಯಿತು. ನಿವೃತ್ತಿಯ ಬಳಿಕ ಯೂರೋಪಿಗೆ ಮರಳಿ, ಧರ್ಮನಿಷ್ಠ ಯೆಹೂದಿಯಾಗಿ, ಅವಿವಾಹಿತನಾಗಿ ಬಾಳಿದನು. ಹಣವನ್ನು ಯೆಹೂದಿ ಧಾರ್ಮಿಕ ವಿದ್ಯಾಶಾಲೆಗಳ ನಿಧಿಗೆ ಒಪ್ಪಿಸಿದನು.

1897ರಿಂದ 1925ರವರೆಗೆ ಮುಂಬಯಿಯಿಂದ ಹೊರಗೆ ಹೋದ ಪ್ಲೇಗ್ ಲಸಿಕೆ 2 ಕೋಟಿ 60 ಲಕ್ಷ ಪ್ರಮಾಣಗಳಷ್ಟು. ಆ 1925ರಲ್ಲಿಯೇ ಪರಳದ ಪ್ರಯೋಗಾಲಯಕ್ಕೆ ಹಾಫ್‌ಕಿನ್ನನ ಹೆಸರಿಡಲಾಯಿತು. ಐದು ವರ್ಷಗಳ ತರುವಾಯ, 1930ರ ಅಕ್ಟೋಬರ್ 26ರಂದು, ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಆತ ಕಣ್ಮುಚ್ಚಿದನು.