ಇಂದಿನ ಚಿಂತನೆ: ಅಧಿಕಾರಕ್ಕೆ ಕಡಿವಾಣ ಹಾಕಿದ ಬಾಬಾಸಾಹೇಬರು



ಅಮಾವಾಸ್ಯೆ ಬಂತೆಂದರೆ ಹರಿಹರ, ದಾವಣಗೆರೆ ಕಡೆಯ ಜನ ಉಕ್ಕಡಗಾತ್ರಿಗೆ ಹೊರಡುತ್ತಾರೆ. ತುಂಗಭದ್ರೆಯಲ್ಲಿ ಮಿಂದು, ಅಜ್ಜಯ್ಯನ ಗದ್ದುಗೆಯ ಮುಂದೆ ನಿಂತು, ಮನಸ್ಸಿನ ಭಾರವನ್ನೆಲ್ಲ ಅಲ್ಲೇ ಇಳಿಸಿ ಬರುತ್ತಾರೆ. ನಮ್ಮ ಮನೆಗಳ ಹಿರಿಯರೂ ಹೋಗಿ ಬಂದವರೇ. ಅವರನ್ನು ಹಂಗಿಸಲು ಇದನ್ನು ಹೇಳುತ್ತಿಲ್ಲ. ಒಬ್ಬರ ಕೈಗೆ ನಮ್ಮನ್ನು ಪೂರ್ತಿ ಒಪ್ಪಿಸಿಬಿಡುವ ಮನಸ್ಸು ನಮಗೆಷ್ಟು ಹತ್ತಿರದ್ದು ಎಂದು ನೆನಪಿಸಲು ಹೇಳಿದೆ.

1949ರ ನವೆಂಬರ್ 25ರಂದು ಸಂವಿಧಾನ ರಚನಾ ಸಭೆಯಲ್ಲಿ ಮಾತನಾಡಿದ ಬಾಬಾಸಾಹೇಬರನ್ನು ಕಾಡಿದ್ದು ಇದೇ ಮನಸ್ಸು. ಧರ್ಮದಲ್ಲಿ ಭಕ್ತಿಗೆ ಏನೇ ಜಾಗವಿರಲಿ, ರಾಜಕಾರಣದಲ್ಲಿ ಅದು ನೇರ ಸರ್ವಾಧಿಕಾರಕ್ಕೆ ಒಯ್ಯುತ್ತದೆಂದು ಅವರು ಎಚ್ಚರಿಸಿದರು.

ಈ ಭಯ ಅವರಿಗೆ ಬರೀ ಪುಸ್ತಕದಿಂದ ಬಂದದ್ದಲ್ಲ. ಸಾತಾರದ ಶಾಲೆಯಲ್ಲಿ ಜವಾನ ಮೇಲಿನಿಂದ ನೀರು ಹೊಯ್ದರೆ ಮಾತ್ರ ಆ ಹುಡುಗನಿಗೆ ಕುಡಿಯಲು ನೀರು. ಜವಾನ ಬಾರದ ದಿನ ಬಾಯಾರಿಕೆಯೇ ಗತಿ. ಜವಾನನ ಅಧಿಕಾರ ಸಣ್ಣದು, ಆದರೆ ಅದನ್ನು ಕೇಳುವವರು ಯಾರೂ ಇರಲಿಲ್ಲ. ಮುಂದೆ 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಮಹಾರ್ ವತನದ ವಿಚಾರವಾಗಿ ಅವರು ಮಸೂದೆ ತಂದದ್ದೂ ಇಂಥದ್ದೇ ಅಧಿಕಾರವನ್ನು ಪ್ರಶ್ನಿಸಲು. ಒಂದಿಷ್ಟು ಇನಾಮು ಭೂಮಿಯ ಹೆಸರಿನಲ್ಲಿ ಊರಿನ ಅಧಿಕಾರಿ ಕರೆದಾಗಲೆಲ್ಲ, ಹಗಲಿರಲಿ ರಾತ್ರಿಯಿರಲಿ, ಮಹಾರರು ಓಡಬೇಕಿತ್ತು. ಬಿಟ್ಟಿ ಚಾಕರಿಯ ಕಥೆ ನಮ್ಮ ಕಡೆಯ ಕೇರಿಗಳಿಗೇನು ಹೊಸದೇ? ಮಸೂದೆ ಗೆಲ್ಲಲಿಲ್ಲ.

1947ರ ಆಗಸ್ಟ್ 29ರಂದು ಕರಡು ಸಮಿತಿ ರಚನೆಯಾಗಿ ಅವರು ಅದರ ಅಧ್ಯಕ್ಷರಾದರು. ಮೊದಲ ಕರಡನ್ನು ಸಿದ್ಧಪಡಿಸಿದ್ದು ನಮ್ಮ ಮಂಗಳೂರಿನ ಬೆನಗಲ್ ನರಸಿಂಗರಾಯರು. ಬಾಬಾಸಾಹೇಬರೇ ಸಭೆಯಲ್ಲಿ ಆ ಋಣವನ್ನು ಒಪ್ಪಿಕೊಂಡರು. ಅದನ್ನು ಮರೆತು ಜಯಕಾರ ಹಾಕುವುದು ಅವರಿಗೆ ಮಾಡುವ ಗೌರವವಲ್ಲ.

1948ರ ನವೆಂಬರ್ 4ರಂದು ಕರಡನ್ನು ಸಭೆಯ ಮುಂದಿಟ್ಟಾಗ ಅವರು ಒಂದು ಆಯ್ಕೆಯನ್ನು ಬಿಡಿಸಿ ಹೇಳಿದರು. ಅಮೆರಿಕದ ಅಧ್ಯಕ್ಷರನ್ನು ಅಲ್ಲಿನ ಸಂಸತ್ತು ಅವಿಶ್ವಾಸ ಹೂಡಿ ಇಳಿಸಲಾರದು. ಅಲ್ಲಿ ಸ್ಥಿರತೆ ಹೆಚ್ಚು. ಸಂಸದೀಯ ಪದ್ಧತಿಯಲ್ಲಿ ಬಹುಮತ ಕಳೆದುಕೊಂಡ ದಿನವೇ ಮಂತ್ರಿಮಂಡಲ ಹೋಗಬೇಕು. ಇಲ್ಲಿ ಹೊಣೆಗಾರಿಕೆ ಹೆಚ್ಚು. ಎರಡೂ ಒಟ್ಟಿಗೆ ಪೂರ್ತಿ ಸಿಗುವುದಿಲ್ಲ. ಕರಡು ಹೊಣೆಗಾರಿಕೆಯ ಕಡೆಗೆ ವಾಲಿತು. ಐದು ವರ್ಷಕ್ಕೊಮ್ಮೆ ಮತದಾರ ತೂಗಿದರೆ ಸಾಲದು. ಪ್ರಶ್ನೆ, ನಿಲುವಳಿ ಸೂಚನೆ, ಅವಿಶ್ವಾಸ ನಿರ್ಣಯಗಳ ಮೂಲಕ ಸದನ ಸರ್ಕಾರವನ್ನು ದಿನವೂ ತೂಗಬೇಕು. ಹಳ್ಳಿಯನ್ನೇ ಬುಡವಾಗಿ ಇಟ್ಟುಕೊಳ್ಳಿ ಎಂದವರ ಮಾತನ್ನೂ ಅಂದೇ ತಳ್ಳಿಹಾಕಿ, ವ್ಯಕ್ತಿಯನ್ನೇ ಘಟಕವಾಗಿ ಇಟ್ಟುಕೊಂಡದ್ದನ್ನು ಸಮರ್ಥಿಸಿದರು. ಊರೊಟ್ಟಿನ ತೀರ್ಮಾನದ ರುಚಿ ಕಂಡವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ.

ಸದನದಲ್ಲಿ ಬಹುಮತವೇ ಅಹಂಕಾರಕ್ಕೆ ಬಿದ್ದರೆ? ಅದಕ್ಕೂ ತಡೆಗಳಿವೆ. ಮೂಲಭೂತ ಹಕ್ಕಿಗೆ ಪೆಟ್ಟು ಬಿದ್ದರೆ ಯಾವ ಪ್ರಜೆಯಾದರೂ 32ನೇ ವಿಧಿಯ ಮೂಲಕ ನೇರ ಸುಪ್ರೀಂ ಕೋರ್ಟಿಗೆ ಹೋಗಬಹುದು. ಇಡೀ ಸಂವಿಧಾನದ ಜೀವವೇ ಅಲ್ಲಿದೆಯೆಂದು ಅವರು ಭಾವಿಸಿದ್ದರು. ಸರ್ಕಾರದ ಖರ್ಚನ್ನು ಜಾಲಾಡುವ ಮಹಾಲೆಕ್ಕ ಪರಿಶೋಧಕರನ್ನು ಸರ್ಕಾರ ಮನಬಂದಂತೆ ತೆಗೆಯುವಂತಿಲ್ಲ. ಚುನಾವಣೆಗೆ ಬೇರೆಯೇ ಆಯೋಗ.

ಒಂದು ಕಡೆ ಮಾತ್ರ ಅವರ ನಂಬಿಕೆ ಸೋತಿತು. ರಾಜ್ಯ ಸರ್ಕಾರವನ್ನು ವಜಾ ಮಾಡುವ ಈಗಿನ 356ನೇ ವಿಧಿಯ ದುರುಪಯೋಗ ಸಾಧ್ಯವೆಂದು ಒಪ್ಪಿಯೂ, ಅದು ಬಳಕೆಗೆ ಬಾರದೆ ಉಳಿದೀತೆಂದು ಅವರು ಆಶಿಸಿದ್ದರು. ಉಳಿಯಲಿಲ್ಲ. 1989ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದಲ್ಲೇ ಎಸ್.ಆರ್. ಬೊಮ್ಮಾಯಿಯವರ ಸರ್ಕಾರ ಸದನದಲ್ಲಿ ಬಹುಮತ ತೋರಿಸಲು ಅವಕಾಶವೇ ಸಿಗದೆ ವಜಾ ಆಯಿತು. 1994ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದು ತೀರ್ಪಿತ್ತಿತು. ಬೊಮ್ಮಾಯಿಯವರಿಗೆ ಕುರ್ಚಿ ಮರಳಿ ಬರಲಿಲ್ಲ. ಒಂದು ಕಟ್ಟು ಸಡಿಲವಾದಾಗ ಇನ್ನೊಂದು ಹಿಡಿದುಕೊಂಡಿತು, ಐದು ವರ್ಷ ತಡವಾಗಿ.

ನಮ್ಮ ಮಂಡಲಿಯವರು ಗಮನಿಸಬೇಕಾದ ಇನ್ನೊಂದು ಮಾತಿದೆ. ನವೆಂಬರ್ 25ರ ಭಾಷಣದಲ್ಲೇ ಅವರು ಭಿಕ್ಖು ಸಂಘವನ್ನು ನೆನೆದರು. ಆಸನದ ಕ್ರಮ, ನಿರ್ಣಯ ಮಂಡನೆ, ಕೋರಂ, ಮತ ಎಣಿಕೆ ಇವೆಲ್ಲ ಸಂಘದಲ್ಲಿ ಆಗಲೇ ಇದ್ದವು. ಭಗವಾನ್ ಬುದ್ಧರು ತಮ್ಮ ನಂತರ ಯಾರನ್ನೂ ಉತ್ತರಾಧಿಕಾರಿಯಾಗಿ ನೇಮಿಸಲಿಲ್ಲ. ಧಮ್ಮವನ್ನೇ ಆ ಜಾಗದಲ್ಲಿ ಇಟ್ಟರು.

ಬಾಬಾಸಾಹೇಬರ ಪುತ್ಥಳಿಗೆ ಹಾರ ಹಾಕುವಾಗ ನಾವೂ ಅವರನ್ನು ಗದ್ದುಗೆಯ ಮೇಲೆ ಕೂರಿಸುತ್ತಿದ್ದೇವೆಯೇ? ಪ್ರತಿ ಏಪ್ರಿಲ್ 14ರಂದು ನನಗೆ ಈ ಅನುಮಾನ ಬರುತ್ತದೆ.

ಹಿಂದೂ ಕೋಡ್ ಬಿಲ್ ನಡುದಾರಿಯಲ್ಲೇ ಬಿದ್ದಾಗ, 1951ರಲ್ಲಿ, ಅವರು ಕಾನೂನು ಮಂತ್ರಿ ಪದವಿ ಬಿಟ್ಟು ಹೊರಬಂದರು. ಮರುವರ್ಷ ಮುಂಬೈಯಲ್ಲಿ ಲೋಕಸಭಾ ಚುನಾವಣೆ ಸೋತರು, 1954ರಲ್ಲಿ ಭಂಡಾರಾದಲ್ಲಿ ಮತ್ತೆ ಸೋತರು. ಈ ನಡುವೆ 1952ರಲ್ಲೇ ರಾಜ್ಯಸಭೆಗೆ ಆಯ್ಕೆಯಾಗಿದ್ದರು. 1956ರ ಡಿಸೆಂಬರ್ 6ರಂದು ಪರಿನಿಬ್ಬಾಣ ಹೊಂದುವವರೆಗೂ ಅವರ ಜಾಗ ಅಲ್ಲೇ, ಮಂತ್ರಿಗಳನ್ನು ಪ್ರಶ್ನೆ ಕೇಳುವವರ ಸಾಲಿನಲ್ಲಿತ್ತು.

ನಮೋ ಬುದ್ಧಾಯ. ಜೈಭೀಮ್.